ಕಲ್ಲಿಗೊಂದು ಗಾಜು, ರೆಕ್ಕೆಗೊಂದು ಕಣ್ಣು

ಒಳ್ಳೆಯ ಲೆನ್ಸೊಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಒಳಗಿನಿಂದ ಬಣ್ಣಗಳು ಏಳುತ್ತವೆ. ಮುಂದಿನ ಗಾಜಿನಲ್ಲಿ ನಸುನೇರಳೆ, ಅದರ ಹಿಂದೆ ಜೇನಿನ ಹಳದಿ, ಇನ್ನೂ ಆಳದಲ್ಲಿ ಎಳೆ ಹಸಿರು. ಗಾಜಿಗೆ ಆ ಬಣ್ಣಗಳಿಲ್ಲ. ಅದರ ಮೇಲೆ ಬಳಿದ, ಬೆಳಕಿನ ಅಲೆಗಿಂತಲೂ ತೆಳ್ಳಗಿನ ಲೇಪನ ಹಿಂದಕ್ಕೆ ಕಳಿಸಿದ ಚೂರು ಬೆಳಕು ಹಾಗೆ ಕಾಣುತ್ತದೆ. ಲೇಪನವಿಲ್ಲದ ಗಾಜು ತನ್ನ ಒಂದೊಂದು ಮೈಯಲ್ಲೂ ನೂರಕ್ಕೆ ಸುಮಾರು 4 ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. 1896ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಪಾಲ್ ರುಡಾಲ್ಫ್ ‘ಪ್ಲಾನಾರ್’ ಲೆನ್ಸನ್ನು ರೂಪಿಸಿದಾಗ ಅದರಲ್ಲಿ ಗಾಳಿಗೆ ತೆರೆದ ಮೈಗಳು 8 ಇದ್ದವು. ಕಾಲು ಭಾಗಕ್ಕೂ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಹೋದ ಬೆಳಕು ಸುಮ್ಮನಿರದೆ ಗಾಜುಗಳ ನಡುವೆ ಅಲೆದಾಡಿ ಚಿತ್ರದ ಕಪ್ಪನ್ನು ಬೂದುಬಣ್ಣವಾಗಿಸುತ್ತಿತ್ತು. 1935ರಲ್ಲಿ ಅದೇ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಲೇಪನದ ವಿಧಾನವನ್ನು ಕಂಡುಕೊಂಡ ಮೇಲೆಯೇ ಆ ವಿನ್ಯಾಸದ ನಿಜವಾದ ಕಾಲ ಬಂತು. ಇಂದು ಡಿಎಸ್‌ಎಲ್‌ಆರ್ ಇಟ್ಟುಕೊಂಡ ಹುಡುಗರೆಲ್ಲ ಮೊದಲು ಕೊಳ್ಳುವ 50 ಮಿ.ಮೀ. ಎಫ್ 1.8 ಲೆನ್ಸ್ ಅದೇ ಪ್ಲಾನಾರ್‌ನ ವಂಶದ್ದು.

ಕ್ಯಾಮೆರಾವನ್ನು ಮನಸ್ಸಿಟ್ಟು ಹಿಡಿದವರಿಗೆಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಕೂಡಿಟ್ಟ ಹಣದಲ್ಲಿ ಹೊಸ ಲೆನ್ಸ್ ಕೊಳ್ಳುವುದೋ, ಬಾಡಿಯನ್ನೇ ಬದಲಿಸುವುದೋ? ‘ಬಾಡಿ ಬರುತ್ತೆ ಹೋಗುತ್ತೆ, ಲೆನ್ಸ್ ಉಳಿಯುತ್ತೆ’ ಎಂಬ ಸಿದ್ಧ ಉತ್ತರವೂ ಕಿವಿಗೆ ಬೀಳುತ್ತದೆ. ಅದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. ನಮಗೆ ಯಾವುದನ್ನು ನೋಡುವುದು ಇಷ್ಟವೋ ಅದರ ಎದುರು ನಿಂತಾಗಲೇ ಸರಿಯಾದ ಉತ್ತರ ಸಿಗುತ್ತದೆ. ನನಗೆ ಪ್ರಿಯವಾದ ಜಾಗಗಳು ಎರಡು. ಬೇಲೂರು ಒಂದು ಉತ್ತರ ಕೊಡುತ್ತದೆ, ರಂಗನತಿಟ್ಟು ಇನ್ನೊಂದು.

1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇಗುಲದ ನವರಂಗಕ್ಕೆ ಕಾಲಿಟ್ಟ ಕೂಡಲೇ ಕ್ಯಾಮೆರಾದ ಯೋಗ್ಯತೆ ಗೊತ್ತಾಗುತ್ತದೆ. ಜಾಲಂಧ್ರಗಳಿಂದ ಇಳಿಯುವ ಬೆಳಕು ತಿರುಗಣೆಯಲ್ಲಿ ಕಡೆದ ಕಂಬಗಳ ನುಣುಪಾದ ಮೈಯನ್ನು ಸವರಿ ಅಲ್ಲೇ ನಿಲ್ಲುತ್ತದೆ. ಟ್ರೈಪಾಡ್ ಹೂಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇಲ್ಲದಿದ್ದರೆ ಕೈಯಲ್ಲಿ ಹಿಡಿದೇ ತೆಗೆಯಬೇಕು. ಕ್ಯಾಮೆರಾ ಜೊತೆಗೆ ಬರುವ 18-55 ಲೆನ್ಸ್ ತನ್ನ ಉದ್ದನೆಯ ತುದಿಯಲ್ಲಿ ಎಫ್ 5.6ಕ್ಕಿಂತ ಅಗಲವಾಗಿ ಕಣ್ಣು ತೆರೆಯಲಾರದು. ಆ ಕಂಡಿಯ ವ್ಯಾಸ 10 ಮಿ.ಮೀ. ಆಸುಪಾಸು. 50 ಮಿ.ಮೀ. ಎಫ್ 1.8 ಲೆನ್ಸಿನದು ಸುಮಾರು 28 ಮಿ.ಮೀ. ಎಫ್ ಸಂಖ್ಯೆಗಳ ಲೆಕ್ಕ ಹಾಕಿದರೆ ಸೆನ್ಸರ್ ಮೇಲೆ ಬೀಳುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಮೊದಲ ಲೆನ್ಸಿಗೆ ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 6400 ಬೇಕಾದ ಕಡೆ ಎರಡನೆಯದಕ್ಕೆ 640 ಸಾಕು. ಬಾಡಿಯೊಂದನ್ನೇ ಬದಲಿಸಿ ಇಷ್ಟು ದೊಡ್ಡ ಅಂತರವನ್ನು ದಾಟುವುದು ಬಹಳ ಕಷ್ಟ, ಬಹಳ ದುಬಾರಿ.

ಬೆಳಕಿನ ಲೆಕ್ಕ ಮುಗಿದ ಮೇಲೆ ರುಚಿಯ ಮಾತು. ಐಎಸ್‌ಒ ಏರಿಸಿ ತೆಗೆದ ಚಿತ್ರದಲ್ಲಿ ಬಳಪದ ಕಲ್ಲು ಬರೀ ಕಪ್ಪು ಕಲ್ಲು. ಅಗಲ ಕಂಡಿಯ ಲೆನ್ಸಿನಲ್ಲಿ ಅದಕ್ಕೆ ಎಣ್ಣೆ ಹಚ್ಚಿದ ಮೈಯ ಜಿಡ್ಡು ಹೊಳಪು ಬರುತ್ತದೆ. ಕಂಬದ ಒಂದು ಬಳೆಯಿಂದ ಇನ್ನೊಂದಕ್ಕೆ ಇಳಿಯುವ ನೆರಳಿನಲ್ಲಿ ಮೆಟ್ಟಿಲುಮೆಟ್ಟಿಲಾದ ಬೂದುಬಣ್ಣಗಳು ಉಳಿಯುತ್ತವೆ. ಮುಂದಿನ ಕಂಬಕ್ಕೆ ಫೋಕಸ್ ಮಾಡಿದರೆ ಹಿಂದಿನ ಕಂಬಗಳು ಒಂದರ ಹಿಂದೊಂದು ಮೆಲ್ಲಗೆ ಕರಗುತ್ತಾ ಹೋಗುತ್ತವೆ. ಆ ಕರಗುವಿಕೆ ಎಲ್ಲ ಲೆನ್ಸಿನಲ್ಲೂ ಒಂದೇ ತರಹ ಇರುವುದಿಲ್ಲ. ಕೆಲವು ಲೆನ್ಸುಗಳು ದೀಪದ ಸೊಡರನ್ನು ಅಂಚು ಗಟ್ಟಿಯಾದ ಬಿಲ್ಲೆಯಾಗಿಸುತ್ತವೆ, ಕೆಲವು ಅಂಚೇ ಇಲ್ಲದ ಹೊಂಬಣ್ಣವಾಗಿ ಹರಡುತ್ತವೆ. ಗಾಜನ್ನು ಪ್ರೀತಿಸುವವರು ಗಂಟೆಗಟ್ಟಲೆ ಮಾತಾಡುವುದು ಇದರ ಬಗ್ಗೆಯೇ, ಮತ್ತು ಅದು ಮಾತಾಡಲು ಯೋಗ್ಯವಾದ ಸಂಗತಿ.

ಹೊರಗೆ ಬಂದು ತಲೆ ಎತ್ತಿದರೆ ಸೂರಿನ ಕೆಳಗೆ ಮುಂಬಾಗಿ ನಿಂತ ಮದನಿಕೆಯರು; ಹೊರಗೆ 38, ಒಳಗೆ 4. ಹತ್ತಿರ ನಿಂತು ತೆಗೆದರೆ ದರ್ಪಣ ಸುಂದರಿಯ ಪಾದ ದೊಡ್ಡದಾಗಿ, ಮುಖ ಸಣ್ಣದಾಗಿ ಕಾಣುತ್ತದೆ. ಪ್ರಮಾಣ ಕೆಡುವುದು ನಾವು ನಿಂತ ದೂರದಿಂದ. ಅಂಗಳದಲ್ಲಿ ಹಿಂದೆ ಸರಿದು 85 ಅಥವಾ 105 ಮಿ.ಮೀ. ಲೆನ್ಸಿನಲ್ಲಿ ನೋಡಿದಾಗ ಅವಳ ಸೊಂಟದ ಬಾಗು, ಕನ್ನಡಿ ಹಿಡಿದ ಕೈ, ಮೇಲಿನ ಎಲೆಬಳ್ಳಿಯ ಕಮಾನು ಎಲ್ಲವೂ ಶಿಲ್ಪಿ ಎಣಿಸಿದ ಅಳತೆಗೆ ಮರಳುತ್ತವೆ. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಬುಡದಲ್ಲಿ ಕನ್ನಡ ಅಕ್ಷರಗಳಲ್ಲಿ ಹೆಸರು ಕೆತ್ತಿದ್ದಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಚೂಪಾದ ಲೆನ್ಸೊಂದು ಆ ಅಕ್ಷರಗಳ ಉಳಿಗೆರೆಯನ್ನೂ ಎತ್ತಿ ತೋರಿಸುತ್ತದೆ. ಉಳಿ ಹಿಡಿದ ಕೈಗೆ ಗೌರವ ಸಲ್ಲಿಸಲು ಇದಕ್ಕಿಂತ ಒಳ್ಳೆಯ ಖರ್ಚು ನನಗೆ ತೋಚುವುದಿಲ್ಲ.

ಲೆನ್ಸ್ ಉಳಿಯುತ್ತದೆ ಎಂಬ ಮಾತಿಗೂ ಸಾಕ್ಷಿ ಇದೆ. 1984ರಲ್ಲಿ ಛಾಯಾಗ್ರಾಹಕ ಸ್ಟೀವ್ ಮೆಕರಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಚಿತ್ರ ತೆಗೆದದ್ದು ನಿಕಾನ್ ಎಫ್‌ಎಂ2 ಕ್ಯಾಮೆರಾದಲ್ಲಿ, 105 ಮಿ.ಮೀ. ಎಫ್ 2.5 ಲೆನ್ಸಿನಲ್ಲಿ, ಕೊಡಾಕ್ರೋಮ್ ಫಿಲ್ಮಿನಲ್ಲಿ. ಆ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. ಆ ಕ್ಯಾಮೆರಾದ ಕಾಲವೂ ಮುಗಿಯಿತು. ಆದರೆ ಆ ಮಾದರಿಯ ಲೆನ್ಸನ್ನು 1999ರ 2.7 ಮೆಗಾಪಿಕ್ಸೆಲ್ ಡಿ1 ಕ್ಯಾಮೆರಾಕ್ಕೂ 2017ರ 45 ಮೆಗಾಪಿಕ್ಸೆಲ್ ಡಿ850ಕ್ಕೂ ನೇರವಾಗಿ ತೊಡಿಸಬಹುದು. ಅದರ ಫೋಕಸ್ ಬಳೆಯನ್ನು ಬೆರಳ ತುದಿಯಿಂದ ತಿರುಗಿಸುವುದೇ ಒಂದು ಸುಖ. ಲೋಹದ ತಿರುಪುಗಳ ನಡುವಿನ ಗ್ರೀಸಿನಿಂದಾಗಿ ಅದು ಎಲ್ಲೂ ತಡೆಯದೆ, ಎಲ್ಲೂ ಜಾರದೆ, ಬೆರಳು ನಿಲ್ಲಿಸಿದ ಕಡೆಯೇ ನಿಲ್ಲುತ್ತದೆ.

ಇನ್ನು ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಈ ನಡುಗಡ್ಡೆಗಳಲ್ಲಿ ಬಣ್ಣದ ಕೊಕ್ಕರೆ ಕೊಂಬೆಯ ಮೇಲೆ ನಿಂತಿರುವವರೆಗೆ ಹಳೆಯ ಬಾಡಿಯೂ ಸಾಕು. ನದಿ ರೀವ ಹಕ್ಕಿ ನೀರಿನ ಮೇಲೆ ಹೊರಳಿದ ಕ್ಷಣದಿಂದ ಕಥೆ ಬೇರೆ. ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಮರುಕ್ಷಣ ತಲೆಕೆಳಗಾಗಿ ನೀರಿಗೆ ಬೀಳುತ್ತದೆ. ಕೂತ ದೋಣಿಯೂ ಅಲುಗುತ್ತಿರುತ್ತದೆ. ಹಳೆಯ ಸಾಧಾರಣ ಡಿಎಸ್‌ಎಲ್‌ಆರ್‌ಗಳ ಫೋಕಸ್ ಬಿಂದುಗಳು ಚೌಕಟ್ಟಿನ ನಡುವೆ ಗುಂಪುಗೂಡಿದ ಒಂಬತ್ತೋ ಹನ್ನೊಂದೋ. ಹಕ್ಕಿ ಆ ಗುಂಪಿನಿಂದ ಆಚೆ ಸರಿದರೆ ಲೆನ್ಸ್ ಎಷ್ಟು ಬೆಲೆಯದಾದರೂ ಹಿಂದಿನ ಪೊದೆಗೆ ಫೋಕಸ್ ಹಿಡಿಯುತ್ತದೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಫೋಕಸ್ ಹುಡುಕುವ ಬಿಂದುಗಳು ಸೆನ್ಸರ್‌ನ ಮೇಲೆಯೇ, ಹೆಚ್ಚುಕಡಿಮೆ ಅಂಚಿನಿಂದ ಅಂಚಿಗೆ ಹರಡಿವೆ. ಹಲವು ಬಾಡಿಗಳು ಹಕ್ಕಿಯ ಕಣ್ಣನ್ನೇ ಗುರುತಿಸಿ, ಅದು ತಿರುಗಿದ ಕಡೆಗೆಲ್ಲ ಹಿಂಬಾಲಿಸುತ್ತವೆ. ಸೆಕೆಂಡಿಗೆ 20 ಚಿತ್ರ ತೆಗೆಯಬಲ್ಲ ಬಾಡಿಯಲ್ಲಿ ಮಿಂಚುಳ್ಳಿಯ ಕೊಕ್ಕು ನೀರನ್ನು ಮುಟ್ಟುವ ಮುನ್ನ, ಮುಟ್ಟಿದಾಗ, ಮುಳುಗಿದಾಗ ಹೇಗಿತ್ತೆಂದು ಬಿಡಿಬಿಡಿಯಾಗಿ ಸವಿಯಬಹುದು.

ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು 36 ಚಿತ್ರಗಳ ಫಿಲ್ಮ್ ಸುರುಳಿಯ ಕಾಲದಲ್ಲಿ, ಕೈಯಿಂದಲೇ ಫೋಕಸ್ ಮಾಡಿ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಲೋಕದಲ್ಲಿ ಹೆಸರು ತಂದರು. ಹಕ್ಕಿ ಎಲ್ಲಿ ಕೂರುತ್ತದೆ, ಯಾವಾಗ ಏಳುತ್ತದೆ ಎಂಬ ತಿಳಿವು ಅವರ ದೊಡ್ಡ ಬಂಡವಾಳ. ಆ ತಿಳಿವನ್ನು ಯಾವ ಬಾಡಿಯೂ ಕೊಡಲಾರದು. ಆದರೆ ಅದು ಇರುವವರ ಕೈಗೆ ಒಳ್ಳೆಯ ಬಾಡಿ ಬಂದರೆ, ಅವರು ಕಂಡದ್ದರಲ್ಲಿ ಹೆಚ್ಚಿನ ಪಾಲು ನಮಗೂ ದಕ್ಕುತ್ತದೆ.

ಈ ಎರಡು ದಾರಿಗಳು ಕೂಡುವ ಜಾಗವೂ ಒಂದಿದೆ. ಕನ್ನಡಿಯಿದ್ದ ನಿಕಾನ್ ಎಫ್ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಬಳೆಗೂ ಸೆನ್ಸರ್‌ಗೂ ನಡುವೆ 46.5 ಮಿ.ಮೀ. ಅಂತರ. 2018ರಲ್ಲಿ ಬಂದ, ಕನ್ನಡಿಯಿಲ್ಲದ ಝಡ್ ಕ್ಯಾಮೆರಾಗಳಲ್ಲಿ ಅದು ಬರೀ 16 ಮಿ.ಮೀ. ಮಿಕ್ಕ ಜಾಗದಲ್ಲಿ ಅಡಾಪ್ಟರ್ ಎಂಬ ಲೋಹದ ಬಳೆ ಕೂರಿಸಿದರೆ ಹಳೆಯ ಲೆನ್ಸುಗಳೆಲ್ಲ ಹೊಸ ಬಾಡಿಗೆ ಒಗ್ಗುತ್ತವೆ. ಸೋವಿಯತ್ ಕಾಲದ ಹೀಲಿಯೋಸ್ 44 ಲೆನ್ಸನ್ನು ಹೀಗೆ ತೊಡಿಸಿ ಎಲೆಗಳ ಮುಂದೆ ಯಾರನ್ನಾದರೂ ನಿಲ್ಲಿಸಿ ನೋಡಬೇಕು: ಹಿಂದಿನ ಎಲೆಗಳೆಲ್ಲ ಮುಖದ ಸುತ್ತ ಸುಳಿಯಾಗಿ ತಿರುಗುತ್ತವೆ. ಬಾಡಿಯೊಳಗೇ ಕೈ ನಡುಕಕ್ಕೆ ತಕ್ಕಂತೆ ಸೆನ್ಸರನ್ನು ಸರಿಸಿ ಚಿತ್ರ ಅಲುಗದಂತೆ ಹಿಡಿಯುವ ವ್ಯವಸ್ಥೆ ಇದ್ದರೆ, ಅರ್ಧ ಶತಮಾನದ ಹಿಂದಿನ ಗಾಜೂ ಮುಸ್ಸಂಜೆಯಲ್ಲಿ ಸ್ಥಿರವಾಗಿ ನೋಡುತ್ತದೆ. ಹಳೆಯ ಗಾಜು ಆಗಲೇ ಮನೆಯಲ್ಲಿರುವವರಿಗೆ ಹೊಸ ಬಾಡಿಯೇ ಹೊಸ ಲೆನ್ಸುಗಳ ಗೊಂಚಲಾದಂತೆ.

ಹಳೆಯದನ್ನು ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಹಾಕಿ ಒಳಗೆ ಜೇಡನೆಳೆಯಂಥ ಬೂಷ್ಟಿದೆಯೇ ನೋಡಿಕೊಳ್ಳಬೇಕು. ಮಲೆನಾಡು, ಕರಾವಳಿಯ ಮಳೆಗಾಲದ ಬೂಷ್ಟಿಗೆ ಗಾಜೆಂದರೆ ಬಲು ಪ್ರೀತಿ. ಬರೀ ಮೆಗಾಪಿಕ್ಸೆಲ್ ಹೆಚ್ಚಿದೆಯೆಂದು ಬಾಡಿ ಬದಲಿಸುವುದೂ ಬೇಡ: 24ರಿಂದ 45ಕ್ಕೆ ಏರಿದರೆ ಚಿತ್ರದ ಅಗಲ 6000 ಪಿಕ್ಸೆಲ್‌ನಿಂದ 8256ಕ್ಕೆ, ಅಂದರೆ ಒಂದೂವರೆ ಪಟ್ಟಿಗಿಂತಲೂ ಕಡಿಮೆ ಬೆಳೆಯುತ್ತದೆ.

ನಿರ್ಧಾರಕ್ಕೆ ನಮ್ಮ ಹಳೆಯ ಚಿತ್ರಗಳೇ ಸಲಹೆಗಾರರು. ಫೋಕಸ್ ಸಿಗದೆ, ಕ್ಷಣ ತಪ್ಪಿ ಅಳಿಸಿಹಾಕಿದವು ಹೆಚ್ಚಿದ್ದರೆ ಬಾಡಿ ಬೇಕು. ಎಲ್ಲ ಸರಿಯಾಗಿ ಬಂದೂ ಮತ್ತೊಮ್ಮೆ ನೋಡಬೇಕೆನ್ನಿಸದವು ಹೆಚ್ಚಿದ್ದರೆ ಲೆನ್ಸ್ ಬೇಕು. ನನ್ನ ಚಿತ್ರಗಳಲ್ಲಿ ಕಲ್ಲೇ ಹೆಚ್ಚು, ಮುಖಗಳೇ ಹೆಚ್ಚು; ಎರಡೂ ನನಗಾಗಿ ಕಾಯುತ್ತವೆ. ಹಾಗಾಗಿ ನಾನು 85 ಮಿ.ಮೀ. ಎಫ್ 1.8 ಲೆನ್ಸನ್ನೇ ಆರಿಸಿದ್ದೇನೆ. ರಂಗನತಿಟ್ಟಿನ ರೆಕ್ಕೆಗಳಿಗಾಗಿ ಬಾಡಿ ಬದಲಿಸುವ ಕಾಲ ಬಂದರೂ ಈ ಗಾಜನ್ನು ಮಾರಬೇಕಾಗಿಲ್ಲ. ಒಂದು ಅಡಾಪ್ಟರ್ ಕೊಂಡರೆ ಸಾಕು.