ಹೆಸರು ಕೇಳದ ಫೋಟೋ

ನಮ್ಮ ವಾಚನಾಲಯದ ಒಂದು ಪುಸ್ತಕದಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ಅವರು ತೆಗೆದ ಫೋಟೋ ಐತಿ. 1936ರ ಮಾರ್ಚ್ ತಿಂಗಳು, ಕ್ಯಾಲಿಫೋರ್ನಿಯಾದ ನಿಪೊಮೊ. ಚಳಿಗೆ ಬಟಾಣಿ ಬೆಳಿ ಕೆಟ್ಟು ಕೂಲಿ ನಿಂತಿತ್ತು. ಗುಡಾರದಾಗ 32 ವರ್ಷದ ತಾಯಿ ಕುಂತಾಳ, ಮಡಿಲಲ್ಲಿ ಕೂಸು. ಎರಡು ಮಕ್ಕಳು ಆಕಿ ಹೆಗಲಿಗೆ ಒರಗಿ ಮುಖ ಆಕಡೆ ತಿರುಗಿಸ್ಯಾವ. ಅದೇ ಈ ಫೋಟೋದ ಜೀವ. ಅವುಗಳ ಮುಖ ಕಂಡಿದ್ರ ಅವನ್ನೇ ನೋಡ್ತಿದ್ವಿ. ಈಗ ತಾಯಿಯ ಹಣಿ ಬಿಟ್ಟು ಕಣ್ಣು ಸರಿಯೂದಿಲ್ಲ. ಹೊಲ ಒಂದಿಷ್ಟೂ ಕಾಣೂದಿಲ್ಲ, ಆದ್ರ ಬೆಳಿ ಹೋದದ್ದು ಆ ಹಣಿಮ್ಯಾಲೆ ಐತಿ. ಎರಡು ಸಲ ಜೋಳ ಕಳಕೊಂಡ ನನಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಕರಾರು ಒಂದೇ. ವಯಸ್ಸು ತಿಳಕೊಂಡರು, ಹೆಸರು ಕೇಳಲಿಲ್ಲ. ಆಕಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜನಕ್ಕೆ ಗೊತ್ತಾಗಿದ್ದು 1978ರಲ್ಲಿ. ಮೂಲ್ಯಾಗ ಗುಡಾರದ ಕಂಬ ಹಿಡಿದ ಒಂದು ಹೆಬ್ಬೆರಳು ಅಡ್ಡ ಬಂತಂತ ಅದನ್ನ ಆಮೇಲೆ ತಿದ್ದಿಸಿದರು. ಬೆರಳಿನ ಮ್ಯಾಲೆ ಇಷ್ಟು ಲಕ್ಷ್ಯ! ನಾವು ಡೊಳ್ಳಿನ ಪದದವರು, ಯಾರ ಕಥಿ ಹಾಡ್ತೀವೋ ಅವರ ಊರು, ಹೆಸರು ಹೇಳೇ ಹಾಡ್ತೀವಿ. ಪದ ಕಟ್ಟಿದಾತನ ಹೆಸರು ಕಡೀಗೆ.

ಹೋದ ಸುಗ್ಯಾಗ ಒಬ್ಬ ಹುಡುಗ ಬಂದು, ಸಂಜಿ ಬಿಸಿಲಿಗೆ ನನ್ನನ್ನ ಬಣವಿ ಮುಂದೆ ಡೊಳ್ಳು ಹಾಕಿ ನಿಲ್ಲಿಸಿ ಫೋಟೋ ಹೊಡಕೊಂಡ. ಚಂದ ಬಂದಿತ್ತು. ಹೆಸರು ನಾನಾಗೇ ಹೇಳಿದ್ದೆ. ಕೆಳಗೆ ‘ಒಬ್ಬ ಜನಪದ ಕಲಾವಿದ’ ಅಂತ ಬರೆದಿದ್ದ.