ಹೆಸರು ಹೇಳದೆಯೂ ಗುರುತು ಸಿಗುವ ಊರಲ್ಲಿ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಕಡೆ ರೇಷ್ಮೆಹುಳು ಸಾಕುವವರು ಕೈ ತೊಳೆಯದೆ ಹುಳುವಿಗೆ ಸೊಪ್ಪು ಹಾಕುವುದಿಲ್ಲ. ರೋಗ ತಗುಲಿದರೆ ಇಡೀ ಬೆಳೆಯೇ ಕೈಬಿಟ್ಟುಹೋಗುತ್ತದೆ. ಅಂಥ ಮನೆಯ ಹೆಂಗಸೊಬ್ಬರಿಗೆ ತೊಳೆಯುವುದೇ ಗೀಳಾಗಿದೆ ಎಂದು ಕಲ್ಪಿಸಿಕೊಳ್ಳೋಣ. ಮನೆಯವರು ಅದನ್ನು ಅಚ್ಚುಕಟ್ಟು ಎನ್ನುತ್ತಾರೆ, ನೆರೆಯವರು ಮಡಿ ಎನ್ನುತ್ತಾರೆ. ಅದು ಕಾಯಿಲೆ ಎಂದು ಗೊತ್ತಿರುವುದು ಆಕೆಗೆ ಮತ್ತು ಚಿಕಿತ್ಸಕರಿಗೆ ಮಾತ್ರ.

ಇದಕ್ಕೆ ವರ್ತನಾ ಚಿಕಿತ್ಸೆಯಲ್ಲಿ ಒಳ್ಳೆಯ ದಾರಿಯಿದೆ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ವರದಿ ಮಾಡಿದ ಪದ್ಧತಿಯ ಮುಂದುವರಿಕೆ ಅದು: ಹೇಸಿಗೆ ಎನಿಸಿದ್ದನ್ನು ಮುಟ್ಟುವುದು, ತೊಳೆಯದೆ ತಡೆದುಕೊಳ್ಳುವುದು. ಅದಕ್ಕೂ ಮೊದಲು ಭಯಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಪಟ್ಟಿ ಮಾಡಬೇಕು. ಯಾರು ಮುಟ್ಟಿದರೆ ಅಸಹ್ಯ, ದೇವರ ಮುಂದೆ ನಿಂತಾಗ ಬರುವ ಕೆಟ್ಟ ಯೋಚನೆ ಯಾವುದು, ಎಲ್ಲವೂ ಆ ಹಾಳೆಯಲ್ಲಿರುತ್ತದೆ. ಗಂಡನಿಗೂ ಹೇಳದ್ದು.

ಚಿಕಿತ್ಸಕರು ಚಹಾ ಕುಡಿಯುತ್ತಾ, 'ಸಾದಲಿ ಕಡೆಯ ಒಬ್ಬ ಹುಳುಮನೆಯವಳು' ಎಂದು ಕಥೆ ಶುರುಮಾಡಿದರೆ ಹೆಸರು ಹೇಳಬೇಕಾಗಿಯೇ ಇಲ್ಲ. ಹಾಲಿನ ಡೇರಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲ ಊರದು. ಕೇಳಿಸಿಕೊಂಡ ಸಹೋದ್ಯೋಗಿ ಏನು ಮಾಡಬೇಕು?

ಅಮೆರಿಕದ ಮನೋವಿಜ್ಞಾನ ಸಂಘದ ನೀತಿಸಂಹಿತೆ ಮೊದಲು ತಪ್ಪು ಮಾಡಿದವರೊಡನೆ ನೇರವಾಗಿ ಮಾತಾಡಿ ಎನ್ನುತ್ತದೆ. ಆ ಪ್ರಯತ್ನದಲ್ಲಿ ಇನ್ನೊಮ್ಮೆ ಗುಟ್ಟು ಒಡೆಯಬಾರದು ಎಂಬ ಎಚ್ಚರವನ್ನೂ ಸೇರಿಸುತ್ತದೆ. 2022ರಿಂದ ಜಾರಿಯಲ್ಲಿರುವ ಅಮೆರಿಕದ ವರ್ತನಾ ವಿಶ್ಲೇಷಕರ ಸಂಹಿತೆಯದೂ ಹೆಚ್ಚುಕಡಿಮೆ ಇದೇ ದಾರಿ: ಮಾತಾಡಿ, ಬರೆದಿಡಿ, ಸರಿಹೋಗದಿದ್ದರೆ ದೂರು ಕೊಡಿ. ಮೊದಲ ಹೆಜ್ಜೆಯೇ ದೂರಾಗಿದ್ದರೆ ಕೇಳಿದವರೆಲ್ಲ ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಆ ಮಟ್ಟಿಗೆ ಇದು ಜಾಣತನದ ವ್ಯವಸ್ಥೆ.

ಕೊರತೆ ಇರುವುದು ಬೇರೆಡೆ. ಇಬ್ಬರು ಚಿಕಿತ್ಸಕರು ಮಾತಾಡಿ ಮುಗಿಸಿದ ವ್ಯವಹಾರದಲ್ಲಿ ಆ ಹೆಂಗಸು ಎಲ್ಲಿ? ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಆಕೆಯ ಹಕ್ಕು ಎಂದಿದೆ. 24ನೆಯದು ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಅದನ್ನು ವಿಸ್ತರಿಸಿದೆ, ಹಾಗಾಗಿ ವಾಟ್ಸಾಪ್ ಗುಂಪಿನ 'ಕೇಸ್ ಡಿಸ್ಕಷನ್' ಕೂಡ ಸಲೀಸಾಗಿ ತಪ್ಪಿಸಿಕೊಳ್ಳುವಂತಿಲ್ಲ. ಚಿಕಿತ್ಸೆಗೆ ಬೇಕಾದಷ್ಟನ್ನು ಇತರ ತಜ್ಞರಿಗೆ ತಿಳಿಸಬಹುದು, ನಿಜ. ಚಹಾದ ಹರಟೆ ಆ ಲೆಕ್ಕಕ್ಕೆ ಬರುವುದಿಲ್ಲ. ಸೇವೆಯಲ್ಲಿ ಲೋಪವಾದರೆ ಮೊದಲು ಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡುವ ಹಕ್ಕು 28ನೇ ಸೆಕ್ಷನ್ನಿನಲ್ಲಿದೆ. ಗುಟ್ಟು ಬಯಲಾದದ್ದೇ ತಿಳಿಯದವರು ದೂರು ಕೊಡುವುದಾದರೂ ಹೇಗೆ?

ಕೇಳಿಸಿಕೊಂಡವರೇ ಹೋಗಿ ಹೇಳುವಂತೆಯೂ ಇಲ್ಲ. ಹಾಗೆ ಮಾಡಿದರೆ ಅವರೂ ಪರರ ಗುಟ್ಟನ್ನು ಹೊತ್ತು ಬಾಗಿಲು ತಟ್ಟಿದಂತೆ. ಹೇಳಬೇಕಾದವರು ಬಾಯಿಬಿಟ್ಟವರೇ, ಚಿಕಿತ್ಸಾಕೋಣೆಯಲ್ಲೇ, ಆಕೆ ಮುಂದಿನ ಸಲ ಬಂದಾಗ. ಏನು ಹೇಳಿದೆ, ಯಾರ ಮುಂದೆ, ಎಷ್ಟು. ಬೇರೆ ಚಿಕಿತ್ಸಕರು ಬೇಕೆ ಎಂದೂ ಕೇಳಬೇಕು. ಸಹೋದ್ಯೋಗಿಯ ಖಾಸಗಿ ಮಾತುಕತೆ ಅವರನ್ನು ಆ ಕುರ್ಚಿಯವರೆಗೆ ತಂದು ಕೂರಿಸಿತೇ ಎಂಬುದನ್ನು ಈ ಸಂಹಿತೆಗಳು ಕೇಳುವುದಿಲ್ಲ.