ಯೋಚನೆಗೆ ಪುರುಸೊತ್ತು ಸಿಗದಿದ್ದಾಗ

ಉದಾಂತ ಸಿಂಗ್ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಸದ್ದು ಏರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಸ್ಟ್ಯಾಂಡಿನಲ್ಲಿ ಅರ್ಧ ಜನ ತಲೆ ಚಚ್ಚಿಕೊಳ್ಳುತ್ತಿದ್ದರು. 2014ರಿಂದ 2023ರವರೆಗೆ ಬೆಂಗಳೂರು ಎಫ್‌ಸಿಗೆ ಆಡಿದ ಈ ಮಣಿಪುರಿ ವಿಂಗರ್ ಬಗ್ಗೆ, ವಿಜಯನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿಯುವ ನಮ್ಮ ಗುಂಪಿನಲ್ಲಿ ಇವತ್ತಿಗೂ ಎರಡು ಪಕ್ಷ. ‘ಓಡೋದು ಬಿಟ್ರೆ ಇನ್ನೇನ್ ಬರುತ್ತೆ ಗುರು ಅವನಿಗೆ’ ಅನ್ನುವುದು ಒಂದು. ನಾನು ಇನ್ನೊಂದರಲ್ಲಿದ್ದೇನೆ. ಆದರೆ ಕೆಲವು ತಕರಾರುಗಳ ಸಮೇತ.

ಓಟವನ್ನೇ ಮೊದಲು ನೋಡೋಣ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಕುಣಿಸುವವನಲ್ಲ ಉದಾಂತ. ಡಿಫೆಂಡರ್ ಪಕ್ಕದಿಂದ ಚೆಂಡನ್ನು ಮುಂದಕ್ಕೆ ತಳ್ಳಿ, ಮೊದಲ ಐದಾರು ಹೆಜ್ಜೆಯಲ್ಲೇ ಅವನನ್ನು ಹಿಂದೆ ಹಾಕಿಬಿಡುತ್ತಿದ್ದ. ಪಂದ್ಯದ ಒಂದು ಅರ್ಧದಲ್ಲಿ ಮಾತ್ರ ಅವನ ಬಲ ಅಂಚು ನಮ್ಮ ಸ್ಟ್ಯಾಂಡಿನ ಕಡೆಗೆ ಬರುತ್ತಿತ್ತು. ಆಗ ನೋಡಬೇಕಾಗಿದ್ದದ್ದು ಅವನನ್ನಲ್ಲ, ಎದುರಾಳಿ ಲೆಫ್ಟ್ ಬ್ಯಾಕನ್ನು. ಚೆಂಡು ಇನ್ನೂ ಮಧ್ಯದಲ್ಲಿರುವಾಗಲೇ ಆತ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದ. ಹಾಗೆ ತೆರೆದುಕೊಂಡ ಜಾಗದಲ್ಲಿ ನಮ್ಮ ಸ್ಟ್ರೈಕರ್‌ಗಳಾದ ಸುನಿಲ್ ಛೆಟ್ರಿಯೋ ಮಿಕುವೋ ಆರಾಮಾಗಿ ತಿರುಗುತ್ತಿದ್ದರು. 2017-18ರ ಐಎಸ್‌ಎಲ್‌ನಲ್ಲಿ ಮಿಕು 15, ಛೆಟ್ರಿ 14 ಗೋಲು ಹೊಡೆದರು. ಆ ಗೋಲುಗಳಲ್ಲಿ ಉದಾಂತನ ಪಾಲು ಎಷ್ಟೆಂದು ಸ್ಕೋರ್‌ಕಾರ್ಡ್ ಪೂರ್ತಿ ಹೇಳುವುದಿಲ್ಲ.

ಅವನ ಒಳ್ಳೆಯ ಕ್ಷಣಗಳಿಗೆಲ್ಲ ಒಂದೇ ಜಾಡು. 2017ರ ಮಾರ್ಚ್‌ನಲ್ಲಿ ಯಾಂಗೋನ್‌ನಲ್ಲಿ ಮ್ಯಾನ್ಮಾರ್ ವಿರುದ್ಧ ಇಂಜುರಿ ಟೈಮ್‌ನಲ್ಲಿ ಬಲ ಅಂಚಿನುದ್ದಕ್ಕೂ ಓಡಿ ಛೆಟ್ರಿಗೆ ಕೊಟ್ಟ ಚೆಂಡಿನಿಂದ ಭಾರತ 1-0 ಗೆದ್ದಿತು. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಐಎಸ್‌ಎಲ್ ಫೈನಲ್‌ನ 9ನೇ ನಿಮಿಷದಲ್ಲಿ ಅವನ ಕ್ರಾಸ್‌ಗೆ ಛೆಟ್ರಿ ಡೈವ್ ಮಾಡಿ ತಲೆ ಕೊಟ್ಟ. (ಆ ಪಂದ್ಯ ಚೆನ್ನೈಯಿನ್ ಪಾಲಾಯಿತು, 3-2. ಆ ಮಾತು ಬೇಡ.) 2019ರ ಏಷ್ಯನ್ ಕಪ್‌ನಲ್ಲಿ ಥಾಯ್ಲೆಂಡ್ ವಿರುದ್ಧ ತಾನೇ ಹೊಡೆಯುವ ಆಸೆಗೆ ಬೀಳದೆ ಚೆಂಡನ್ನು ಅನಿರುದ್ಧ್ ಥಾಪಾಗೆ ಬಿಟ್ಟುಕೊಟ್ಟ. ಮೂರೂ ಸಲ ಮುಂದೆ ಬಯಲಿತ್ತು, ಯೋಚಿಸಲು ಪುರುಸೊತ್ತಿರಲಿಲ್ಲ.

ಪುರುಸೊತ್ತು ಸಿಕ್ಕಿತೋ, ಕೆಟ್ಟಿತು. ಎದುರಾಳಿಗಳು ಬಾಕ್ಸ್ ಸುತ್ತ ಸಾಲುಗಟ್ಟಿ ಕೂತ ದಿನ ಉದಾಂತನಿಗೆ ಓಡಲು ಜಾಗವಿಲ್ಲ. ಚೆಂಡು ಹಿಡಿದು ನಿಲ್ಲುತ್ತಿದ್ದ, ತಲೆ ತಗ್ಗಿಸುತ್ತಿದ್ದ, ಎರಡು ಸಲ ಕಾಲಾಡಿಸಿ ಕೊನೆಗೆ ಎದುರಿದ್ದವನ ಮೊಣಕಾಲಿಗೇ ಕ್ರಾಸ್ ಹೊಡೆಯುತ್ತಿದ್ದ. ಎಡಗಾಲಿನ ಮೇಲೆ ಅವನಿಗೇ ನಂಬಿಕೆ ಇರಲಿಲ್ಲ. ಹಾಗಾಗಿ ಒಳಗೆ ಕತ್ತರಿಸಿಕೊಂಡು ಬರುವ ದಾರಿಯೂ ಬಂದ್. ಇದನ್ನು ಅರಿತ ಲೆಫ್ಟ್ ಬ್ಯಾಕ್‌ಗಳು ಎರಡು ಗಜ ದೂರ ನಿಂತು ಸುಮ್ಮನೆ ಕಾಯತೊಡಗಿದರು. ಬಯಲಿನಲ್ಲಿ ಚಿರತೆ, ಓಣಿಯಲ್ಲಿ ದಾರಿ ತಪ್ಪಿದ ಕರು.

ಗೋಲಿನ ಮುಂದೆ ಅದೃಷ್ಟವೂ ಅವನ ಕಡೆಗಿರಲಿಲ್ಲ. ಅದೇ ಏಷ್ಯನ್ ಕಪ್‌ನಲ್ಲಿ ಯುಎಇ ವಿರುದ್ಧ ಅವನ ಹೊಡೆತ ಕ್ರಾಸ್‌ಬಾರ್‌ಗೆ ಬಡಿಯಿತು. ಸೆಪ್ಟೆಂಬರ್‌ನಲ್ಲಿ ಗುವಾಹಟಿಯಲ್ಲಿ ಓಮನ್ ವಿರುದ್ಧ ಮತ್ತೆ ಕ್ರಾಸ್‌ಬಾರ್. ಎರಡೂ ಪಂದ್ಯ ಸೋತೆವು. ಅವೆರಡು ಹೊಡೆತ ಒಂದಿಷ್ಟು ಕೆಳಗೆ ಹೋಗಿದ್ದರೆ ‘ಫಿನಿಶಿಂಗ್ ಇಲ್ಲ’ ಎಂಬ ದೂರು ಇಷ್ಟು ಗಟ್ಟಿಯಾಗುತ್ತಿರಲಿಲ್ಲವೇನೋ. ಆದರೂ ಆ ದೂರು ಸುಳ್ಳಲ್ಲ. ಒಂಬತ್ತು ವರ್ಷ ಒಂದೇ ಕ್ಲಬ್ಬಿನಲ್ಲಿ ಆಡಿದ ವಿಂಗರ್‌ನಿಂದ ಇನ್ನಷ್ಟು ಗೋಲು ಕೇಳುವುದು ದುರಾಸೆಯೇನಲ್ಲ.

ಆದರೆ ತಪ್ಪನ್ನೆಲ್ಲ ಅವನ ತಲೆಗೇ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. 2019ರಲ್ಲಿ ಐಎಸ್‌ಎಲ್ ಗೆದ್ದ ಮೇಲೆ ಮಿಕು ಹೊರಟುಹೋದ. ಕ್ರಾಸ್ ಬರುವ ಮೊದಲೇ ಹತ್ತಿರದ ಪೋಸ್ಟಿಗೆ ನುಗ್ಗುವ ಅಭ್ಯಾಸವೂ ಅವನ ಜೊತೆ ಹೋಯಿತು. ಉದಾಂತ ಮೊದಲಿನಂತೆಯೇ ಚೆಂಡನ್ನು ಬಾಕ್ಸ್ ಒಳಗೆ ತಳ್ಳುತ್ತಿದ್ದ, ಅಲ್ಲಿ ಯಾರೂ ಇರುತ್ತಿರಲಿಲ್ಲ. ಟಿವಿಯಲ್ಲಿ ಅದು ಕೆಟ್ಟ ಕ್ರಾಸ್. ಸ್ಟ್ಯಾಂಡಿನ ಎತ್ತರದಿಂದ ನೋಡಿದವರಿಗೆ ತಡವಾಗಿ ಬಂದ ಸ್ಟ್ರೈಕರ್ ಕಾಣುತ್ತಿದ್ದ. ಚೆಂಡು ಕಳೆದುಕೊಂಡ ಮೇಲೆ ಅವನು ವಾಪಸ್ ಓಡಿ ರೈಟ್ ಬ್ಯಾಕ್‌ಗೆ ಹೆಗಲು ಕೊಡುತ್ತಿದ್ದದ್ದೂ ಅಲ್ಲಿಂದಲೇ ಕಾಣುತ್ತಿತ್ತು. ಆ ಕೆಲಸಕ್ಕೆ ಚಪ್ಪಾಳೆ ಹೊಡೆದವರು ಕಡಿಮೆ.

2023ರಲ್ಲಿ ಅವನು ಎಫ್‌ಸಿ ಗೋವಾ ಸೇರಿದ. ಬೆಂಗಳೂರಿನ ಸಾರ್ವಕಾಲಿಕ ಹನ್ನೊಂದನ್ನು ಆರಿಸು ಅಂದರೆ ಬಲ ಅಂಚಿಗೆ ನಾನು ಈಗಲೂ ಅವನ ಹೆಸರನ್ನೇ ಬರೆಯುತ್ತೇನೆ. ನಾವು ಒಂದು ಗೋಲು ಮುಂದಿದ್ದು, ಎದುರಾಳಿ ಸಮಬಲಕ್ಕಾಗಿ ಮೇಲೇರಿ ಬರುತ್ತಿದ್ದರೆ ತೊಂಬತ್ತು ನಿಮಿಷವೂ ಅವನೇ ಆಡಲಿ. ನಾವೇ ಹಿಂದಿದ್ದು, ಅವರ ಹತ್ತೂ ಜನ ಬಾಕ್ಸ್‌ನಲ್ಲಿ ನಿಂತಿದ್ದರೆ ಮಾತ್ರ ಅರುವತ್ತನೇ ನಿಮಿಷಕ್ಕೆ ಅವನನ್ನು ಹೊರಗೆ ಕರೆದು ಬೇರೆಯವರನ್ನು ಇಳಿಸುತ್ತೇನೆ.